ಪ್ರೊಟೀನ್ ಡಬ್ಬಿಯಿಂದ ಹಾರ್ಮೋನ್ ಸೂಜಿಯವರೆಗೆ: ಕರಾವಳಿಯ ವಿದ್ಯಾರ್ಥಿಗಳು ಅರಿತಿರಬೇಕಾದ ದೇಹದ ಲೆಕ್ಕ

ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾರವಾರದಿಂದ ಭಟ್ಕಳದವರೆಗೆ ರಾಷ್ಟ್ರೀಯ ಹೆದ್ದಾರಿ 66ರ ಉದ್ದಕ್ಕೂ ಇರುವ ಪಟ್ಟಣಗಳಲ್ಲಿ, ಹಾಗೆಯೇ ಘಟ್ಟದ ಮೇಲಿನ ಶಿರಸಿಯಲ್ಲಿ, ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳು ತರಗತಿ ಮುಗಿಸಿ ಜಿಮ್ಮಿನ ದಾರಿ ಹಿಡಿಯುವುದು ಈಗ ಸಾಮಾನ್ಯ ಸಂಗತಿ. ಭಾರ ಎತ್ತುವ ವ್ಯಾಯಾಮ ಮೂಳೆಗೂ ಸ್ನಾಯುವಿಗೂ ಒಳ್ಳೆಯದು, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುತ್ತದೆ, ನಿದ್ರೆಯನ್ನು ಸುಧಾರಿಸುತ್ತದೆ. ಹುಡುಗನೋ ಹುಡುಗಿಯೋ ದಿನಕ್ಕೊಂದು ಗಂಟೆ ಬೆವರು ಸುರಿಸುತ್ತಿದ್ದರೆ ಮನೆಯವರು ಸಂತೋಷಪಡಬೇಕು. ಆದರೆ ಆ ಒಂದು ಗಂಟೆಯ ಸುತ್ತ ದೊಡ್ಡದೊಂದು ವ್ಯಾಪಾರ ಬೆಳೆದುನಿಂತಿದೆ. ಆಹಾರ, ಉತ್ತೇಜಕ ಮತ್ತು ಹಾರ್ಮೋನು ಎಂಬ ಮೂರು ಬೇರೆ ಬೇರೆ ವಸ್ತುಗಳು ಅಲ್ಲಿ ಒಂದೇ ಸರಕಿನಂತೆ ಕೈಯಿಂದ ಕೈಗೆ ದಾಟುತ್ತಿವೆ.

ಈ ಗೊಂದಲ ಎರಡು ಬಗೆಯ ತಪ್ಪು ತಿಳಿವಳಿಕೆಯನ್ನು ಹುಟ್ಟಿಸಿದೆ. ಮಗ ಹಾಲಿಗೆ ಪ್ರೊಟೀನ್ ಪುಡಿ ಕಲಸಿ ಕುಡಿಯುವುದನ್ನು ಕಂಡ ತಾಯಿ, ಅದು ಸ್ಟೀರಾಯ್ಡ್, ಕಿಡ್ನಿ ಹೋಗುತ್ತದೆ ಎಂದು ಗಾಬರಿಯಾಗುತ್ತಾಳೆ. ಮಗನಿಗೆ ಅದು ಸುಳ್ಳೆಂದು ಗೊತ್ತಿರುತ್ತದೆ. ಆರು ತಿಂಗಳಾದ ಮೇಲೆ ಯಾರೋ ಸೂಜಿಮದ್ದಿನ ಮಾತೆತ್ತಿದಾಗ, ಅದರ ಬಗ್ಗೆ ಮನೆಯವರು ಹೇಳುವ ಎಚ್ಚರಿಕೆಯನ್ನೂ ಅವನು ಹಳೆಯ ಸುಳ್ಳಿನ ಜೊತೆಗೇ ಸೇರಿಸಿ ತಳ್ಳಿಹಾಕುತ್ತಾನೆ. ಇಲ್ಲದ ಅಪಾಯವನ್ನು ಹೇಳಿ ಹೆದರಿಸಿದರೆ, ಇರುವ ಅಪಾಯವನ್ನು ಹೇಳುವಾಗ ನಂಬುವವರು ಸಿಗುವುದಿಲ್ಲ. ಆದ್ದರಿಂದ ಯಾವುದು ನಿಜಕ್ಕೂ ಕೆಲಸ ಮಾಡುತ್ತದೆ, ಯಾವುದು ನಿರಪಾಯ, ಯಾವುದು ದೇಹದ ವ್ಯವಸ್ಥೆಯನ್ನೇ ಬುಡಮೇಲು ಮಾಡುತ್ತದೆ ಎಂಬುದನ್ನು ಬಿಡಿಸಿ ಹೇಳುವುದು ಅಗತ್ಯವೆಂದು ನಾನು ಭಾವಿಸುತ್ತೇನೆ.

ಮೊದಲು ಸ್ಟೀರಾಯ್ಡ್ ಎಂಬ ಹಾರ್ಮೋನ್ ಔಷಧಗಳನ್ನೇ ಎರಡಾಗಿ ವಿಂಗಡಿಸಬೇಕು. ದಮ್ಮು, ಸಂಧಿವಾತ, ಚರ್ಮದ ತುರಿಕೆ ಮುಂತಾದವುಗಳಿಗೆ ವೈದ್ಯರು ಬರೆದುಕೊಡುವ ಪ್ರೆಡ್ನಿಸೋಲೋನ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್ ಇವೆಲ್ಲ ಕಾರ್ಟಿಕೋಸ್ಟೀರಾಯ್ಡ್‌ಗಳು; ಮೂತ್ರಪಿಂಡದ ಮೇಲ್ಗಡೆ ಇರುವ ಅಡ್ರಿನಲ್ ಗ್ರಂಥಿ ಸ್ರವಿಸುವ ಕಾರ್ಟಿಸೋಲ್ ಎಂಬ ಹಾರ್ಮೋನಿನ ವರ್ಗಕ್ಕೆ ಸೇರಿದವು. ಇವು ಉರಿಯೂತವನ್ನು ತಗ್ಗಿಸುತ್ತವೆಯೇ ಹೊರತು ಸ್ನಾಯುವನ್ನು ಬೆಳೆಸುವುದಿಲ್ಲ, ಬದಲಾಗಿ ಬಹುಕಾಲ ಸೇವಿಸಿದರೆ ಸ್ನಾಯುವನ್ನು ಕರಗಿಸುತ್ತವೆ. ತೀರಾ ಸಣಕಲಾಗಿರುವ ಹುಡುಗರಿಗೆ ‘ತೂಕ ಬರುವ ಗುಳಿಗೆ’ ಎಂದು ಕೊಡುವುದರಲ್ಲಿ ಎಷ್ಟೋ ಸಲ ಇರುವುದು ಡೆಕ್ಸಾಮೆಥಾಸೋನ್ ಮತ್ತು ಹಸಿವು ಹೆಚ್ಚಿಸುವ ಸೈಪ್ರೊಹೆಪ್ಟಡಿನ್. ಕೆನ್ನೆ ತುಂಬಿ ಬಂದಂತೆ ಕಾಣುತ್ತದೆ, ಆದರೆ ತುಂಬಿಕೊಂಡದ್ದು ನೀರು ಮತ್ತು ಕೊಬ್ಬು. ಅಂಥ ಗುಳಿಗೆಯನ್ನು ತಿಂಗಳುಗಟ್ಟಲೆ ನುಂಗಿ ಥಟ್ಟನೆ ನಿಲ್ಲಿಸಿದರೆ, ಸುಮ್ಮನಾಗಿದ್ದ ಅಡ್ರಿನಲ್ ಗ್ರಂಥಿ ಕೂಡಲೇ ಎಚ್ಚರಗೊಳ್ಳದೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು.

ಜಿಮ್ಮುಗಳಲ್ಲಿ ಓಡಾಡುವುದು ಇನ್ನೊಂದು ಗುಂಪು. ಅದರ ಹೆಸರು ಅನಬಾಲಿಕ್ ಸ್ಟೀರಾಯ್ಡ್, ಅಂದರೆ ಸ್ನಾಯು ಬೆಳೆಸುವ ಸ್ಟೀರಾಯ್ಡ್. ಗಂಡಿನ ವೃಷಣದಲ್ಲಿ ತಯಾರಾಗುವ ಟೆಸ್ಟೋಸ್ಟೆರೋನ್ ಹಾರ್ಮೋನನ್ನು ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ತಯಾರಿಸಿದ್ದು 1935ರಲ್ಲಿ. ಆ ಕ್ಷೇತ್ರದ ಕೆಲಸಕ್ಕಾಗಿ ಬುಟೆನಾಂಟ್ ಮತ್ತು ರುಜಿಚ್ಕಾ ಅವರಿಗೆ 1939ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಟೆಸ್ಟೋಸ್ಟೆರೋನಿನ ಅಣುರಚನೆಯನ್ನು ಅಲ್ಲಲ್ಲಿ ಬದಲಿಸಿ ಮಾಡಿದ ಮೆಥಾಂಡಿಯೆನೋನ್, ನ್ಯಾಂಡ್ರೋಲೋನ್, ಸ್ಟಾನೊಜೊಲಾಲ್, ಆಕ್ಸಾಂಡ್ರೋಲೋನ್ ಮುಂತಾದವು ಮುಂದಿನ ದಶಕಗಳಲ್ಲಿ ಬಂದವು. ಇವುಗಳಲ್ಲಿ ಕೆಲವಕ್ಕೆ ವೈದ್ಯಕೀಯದಲ್ಲಿ ನಿಜವಾದ ಬಳಕೆಯಿದೆ: ಹುಟ್ಟಿನಿಂದಲೇ ಅಥವಾ ಕಾಯಿಲೆಯಿಂದ ಹಾರ್ಮೋನ್ ಕೊರತೆ ಇರುವವರಿಗೆ, ಕೆಲವು ಬಗೆಯ ರಕ್ತಹೀನತೆಗೆ, ತೀವ್ರ ಸುಟ್ಟಗಾಯಗಳಿಂದ ಸೊರಗಿದವರಿಗೆ ಇವನ್ನು ಕೊಡುತ್ತಾರೆ. ಭಾರತದಲ್ಲಿ ಇವು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳು.

ಪುಡಿಯ ವಿಚಾರ

ಹಾಲನ್ನು ಒಡೆದು ಚೀಸ್ ಅಥವಾ ಪನೀರ್ ಮಾಡಿದಾಗ ಉಳಿಯುವ ತಿಳಿನೀರಿನಲ್ಲಿ ಒಂದಷ್ಟು ಪ್ರೊಟೀನ್ ಇರುತ್ತದೆ. ಅದನ್ನು ಸೋಸಿ, ಒಣಗಿಸಿ ಪುಡಿ ಮಾಡಿದರೆ ಅದೇ ವೇ ಪ್ರೊಟೀನ್. ಅಂದರೆ ಅದು ಹಾಲಿನ ಒಂದು ಭಾಗ. ಒಳ್ಳೆಯ ಪುಡಿಯ ಒಂದು ಸ್ಕೂಪಿನಲ್ಲಿ 20ರಿಂದ 25 ಗ್ರಾಂ ಪ್ರೊಟೀನ್ ಸಿಗುತ್ತದೆ. ಆರೋಗ್ಯವಂತ ಯುವಕರ ಮೂತ್ರಪಿಂಡವನ್ನು ಇಷ್ಟು ಪ್ರೊಟೀನ್ ಕೆಡಿಸುವುದಿಲ್ಲ. ಮೊದಲೇ ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಹಾಲಿನ ಸಕ್ಕರೆ ಅರಗದವರಿಗೆ ಹೊಟ್ಟೆಯುಬ್ಬರ, ಭೇದಿ ಆಗುವುದುಂಟು.

ಹಾಗಾದರೆ ಅದು ಬೇಕೇ ಎಂಬುದು ಬೇರೆ ಪ್ರಶ್ನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿರುವ ಪ್ರಕಾರ ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೊಟೀನ್ ಸಾಕು. 65 ಕಿಲೋ ತೂಕದ ಯುವಕನಿಗೆ ಅದು 54 ಗ್ರಾಂ ಆಗುತ್ತದೆ. ಭಾರದ ವ್ಯಾಯಾಮ ಮಾಡುವವರಲ್ಲಿ ಕಿಲೋಗೆ ಸುಮಾರು 1.6 ಗ್ರಾಂವರೆಗೆ ಪ್ರೊಟೀನ್ ಏರಿಸಿದರೆ ಸ್ನಾಯು ಬೆಳೆಯಲು ನೆರವಾಗುತ್ತದೆ, ಅದಕ್ಕಿಂತ ಮೇಲೆ ಹೆಚ್ಚಿನ ಲಾಭ ಕಾಣುವುದಿಲ್ಲ ಎಂಬುದು ಈವರೆಗಿನ ಅಧ್ಯಯನಗಳ ಒಟ್ಟು ಸಾರ. ಅಂದರೆ ಅದೇ ಯುವಕನಿಗೆ ಗರಿಷ್ಠ 104 ಗ್ರಾಂ. ದಿನಕ್ಕೆ ನಾಲ್ಕು ಸ್ಕೂಪ್ ಕುಡಿಯಿರಿ ಎಂದು ಹೇಳುವವನಿಗೆ ಡಬ್ಬಿ ಬೇಗ ಖಾಲಿಯಾಗಬೇಕೆಂಬ ಆಸೆ ಇರಬಹುದು. ಸ್ನಾಯುವಿಗಂತೂ ಅದರ ಅಗತ್ಯವಿಲ್ಲ.

ಈ 104 ಗ್ರಾಂ ನಮ್ಮ ಜಿಲ್ಲೆಯ ಊಟದಲ್ಲಿ ಹೊಂದುತ್ತದೆಯೇ ಎಂದು ಲೆಕ್ಕ ಹಾಕಿ ನೋಡಬಹುದು. ಹಾಸ್ಟೆಲಿನ ಹುಡುಗ ದಿನವಿಡೀ ಗಂಜಿ, ಅನ್ನ, ದೋಸೆ ಎಂದು 400 ಗ್ರಾಂ ಅಕ್ಕಿಯಷ್ಟು ಉಂಡರೆ 28 ಗ್ರಾಂ ಪ್ರೊಟೀನ್ ಅಲ್ಲೇ ಬರುತ್ತದೆ. 50 ಗ್ರಾಂ ಬೇಳೆ ಅಥವಾ ಹುರುಳಿಯಿಂದ 11, ಹಾಲು-ಮೊಸರು ಸೇರಿ 300 ಮಿಲಿಲೀಟರಿನಿಂದ 10, ಹಿಡಿ ಶೇಂಗಾದಿಂದ 7, ನಾಲ್ಕು ಮೊಟ್ಟೆಯಿಂದ 24 ಗ್ರಾಂ ಸೇರಿದರೆ ಒಟ್ಟು 80 ಆಯಿತು. ಉಳಿದದ್ದನ್ನು ಕರಾವಳಿಯಲ್ಲಿ ಬಂಗಡೆಯೋ ತಾರ್ಲೆಯೋ ತುಂಬುತ್ತದೆ; 100 ಗ್ರಾಂ ಬಂಗಡೆಯ ಮಾಂಸದಲ್ಲಿ ಸುಮಾರು 19 ಗ್ರಾಂ ಪ್ರೊಟೀನ್ ಇರುತ್ತದೆ. ಜೂನ್-ಜುಲೈಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧವಿದ್ದು ಮೀನು ತುಟ್ಟಿಯಾದಾಗ ಒಣಮೀನು ಇದೆ, ಆದರೆ ಅದರ ಉಪ್ಪನ್ನು ಗಮನಿಸಬೇಕು. ಶಿರಸಿ-ಸಿದ್ದಾಪುರದ ಕಡೆಯ ಸಸ್ಯಾಹಾರಿ ಮನೆಗಳಲ್ಲಿ ಅನ್ನ, ತಂಬುಳಿ, ಮಜ್ಜಿಗೆಯ ಊಟ ರುಚಿಯಲ್ಲಿ ಎಷ್ಟೇ ಸಮೃದ್ಧವಾಗಿದ್ದರೂ ಪ್ರೊಟೀನ್ ಅದರಲ್ಲಿ ಕಡಿಮೆಯೇ. ಅಲ್ಲಿ ಮೊಳಕೆಕಾಳು, ಪನೀರ್, ಸೋಯಾ ಚಂಕ್ಸ್ ಬೇಕಾಗುತ್ತವೆ. 50 ಗ್ರಾಂ ಒಣ ಸೋಯಾ ಚಂಕ್ಸಿನಲ್ಲಿ ಒಂದು ಸ್ಕೂಪ್ ವೇ ಪುಡಿಯಷ್ಟೇ ಪ್ರೊಟೀನ್ ಇದ್ದು ಬೆಲೆ ಅದರ ಒಂದು ಸಣ್ಣ ಭಾಗವಷ್ಟೇ. ಇಷ್ಟಾದರೂ ಊಟದಿಂದ ಹೊಂದಿಸಲು ಆಗದವರಿಗೆ ಪುಡಿ ಒಂದು ಅನುಕೂಲ. ಆರೋಗ್ಯವಂತರು ಸ್ನಾಯು ಬೆಳೆಸಲು ಪ್ರೊಟೀನ್ ಪುಡಿಯ ಮೊರೆ ಹೋಗುವುದು ಬೇಡವೆಂದು ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಆಹಾರ ಮಾರ್ಗಸೂಚಿ ಹೇಳಿದೆ.

ಪುಡಿಯ ನಿಜವಾದ ತೊಂದರೆ ಅದರ ಶುದ್ಧತೆಯದು. ಕೇರಳದ ವೈದ್ಯರ ತಂಡವೊಂದು ಭಾರತದ ಮಾರುಕಟ್ಟೆಯ 36 ಪ್ರೊಟೀನ್ ಪುಡಿಗಳನ್ನು ಪರೀಕ್ಷಿಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿತು. ಸುಮಾರು ಶೇ. 70ರಷ್ಟರಲ್ಲಿ ಪ್ರೊಟೀನ್ ಕುರಿತು ಲೇಬಲ್ಲಿನಲ್ಲಿ ಬರೆದದ್ದಕ್ಕೂ ಒಳಗೆ ಇದ್ದದ್ದಕ್ಕೂ ಹೊಂದಾಣಿಕೆಯಿರಲಿಲ್ಲ, ಶೇ. 14ರಷ್ಟರಲ್ಲಿ ಬೂಷ್ಟಿನಿಂದ ಹುಟ್ಟುವ ಅಫ್ಲಟಾಕ್ಸಿನ್ ವಿಷವೂ ಶೇ. 8ರಷ್ಟರಲ್ಲಿ ಕೀಟನಾಶಕದ ಅಂಶವೂ ಕಂಡವು. ಪ್ರಯೋಗಾಲಯಗಳು ಪ್ರೊಟೀನನ್ನು ಸಾಮಾನ್ಯವಾಗಿ ನೇರವಾಗಿ ಅಳೆಯುವುದಿಲ್ಲ, ಪುಡಿಯಲ್ಲಿರುವ ಸಾರಜನಕವನ್ನು ಅಳೆದು ಅದರಿಂದ ಪ್ರೊಟೀನ್ ಇಷ್ಟಿರಬೇಕೆಂದು ಲೆಕ್ಕ ಹಾಕುತ್ತವೆ. ಗ್ಲೈಸೀನ್, ಟಾರೀನ್‌ನಂತಹ ಅಗ್ಗದ ವಸ್ತುಗಳಲ್ಲಿಯೂ ಸಾರಜನಕ ಇರುವುದರಿಂದ, ಅವನ್ನು ಬೆರೆಸಿದರೆ ಪರೀಕ್ಷೆಯಲ್ಲಿ ಅಂಕಿ ಏರುತ್ತದೆ, ಸ್ನಾಯುವಿಗೆ ಬೇಕಾದ ಪ್ರೊಟೀನ್ ಮಾತ್ರ ಏರುವುದಿಲ್ಲ. ಆದ್ದರಿಂದ ಕೊಳ್ಳುವವರು ಲೇಬಲ್ಲಿನಲ್ಲಿ ಹೀಗೆ ಬಿಡಿಯಾಗಿ ಸೇರಿಸಿದ ಅಮೈನೋ ಆಮ್ಲಗಳ ಹೆಸರಿದೆಯೇ ಎಂದು ನೋಡಬೇಕು. ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆ ಇದೆಯೇ ಎಂದೂ ನೋಡಬೇಕು. ಪೂರಕ ಆಹಾರಗಳಿಗಾಗಿ ಪ್ರಾಧಿಕಾರ 2016ರಲ್ಲಿ ಮಾಡಿದ ನಿಯಮಗಳ ಪ್ರಕಾರ ಅವುಗಳಲ್ಲಿ ಹಾರ್ಮೋನು ಅಥವಾ ಸ್ಟೀರಾಯ್ಡ್ ಸೇರಿಸುವಂತಿಲ್ಲ. ಸಂಖ್ಯೆಯಿಲ್ಲದ ಡಬ್ಬಿಯನ್ನು ‘ಹೊರದೇಶದ ಮಾಲು’ ಎಂದು ಯಾರಾದರೂ ಕೊಟ್ಟರೆ ಅದನ್ನು ಮುಟ್ಟದಿರುವುದೇ ಲೇಸು.

ಕ್ರಿಯಾಟೀನ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮೀನು-ಮಾಂಸದಲ್ಲಿ ಸಹಜವಾಗಿ ಇರುವ, ನಮ್ಮ ದೇಹವೂ ತಯಾರಿಸಿಕೊಳ್ಳುವ ಈ ವಸ್ತು ಸ್ನಾಯುವಿಗೆ ಕ್ಷಣಮಾತ್ರದ ಶಕ್ತಿಯನ್ನು ಬೇಗ ಮರಳಿಸಿಕೊಡುತ್ತದೆ. ದಿನಕ್ಕೆ 3ರಿಂದ 5 ಗ್ರಾಂ ಪ್ರಮಾಣದಲ್ಲಿ ಆರೋಗ್ಯವಂತರಿಗೆ ಇದು ಸುರಕ್ಷಿತವೆಂದು ಹಲವು ಅಧ್ಯಯನಗಳು ತೋರಿಸಿವೆ. ಮೀನು ತಿನ್ನದವರ ಸ್ನಾಯುಗಳಲ್ಲಿ ಇದರ ಸಂಗ್ರಹ ಕಡಿಮೆ ಇರುವುದರಿಂದ ಅವರಿಗೆ ಪರಿಣಾಮ ಸ್ವಲ್ಪ ಹೆಚ್ಚಾಗಿಯೇ ಕಾಣಬಹುದು. ಮೊದಲ ವಾರಗಳಲ್ಲಿ ಏರುವ ಒಂದೆರಡು ಕಿಲೋ ಬಹುಪಾಲು ನೀರಿನ ತೂಕ. ಮೂತ್ರಪಿಂಡದ ಕೆಲಸವನ್ನು ತಿಳಿಯಲು ರಕ್ತಪರೀಕ್ಷೆಯಲ್ಲಿ ನೋಡುವ ಕ್ರಿಯಾಟಿನೀನ್ ಅಂಕಿ ತುಸು ಮೇಲೇರುವುದರಿಂದ, ಪರೀಕ್ಷೆ ಮಾಡಿಸುವಾಗ ಇದನ್ನು ಸೇವಿಸುತ್ತಿರುವ ಸಂಗತಿಯನ್ನು ವೈದ್ಯರಿಗೆ ಹೇಳಬೇಕು. ಇಲ್ಲವಾದರೆ ಮೂತ್ರಪಿಂಡ ಕೆಟ್ಟಿದೆ ಎಂಬ ಅನಗತ್ಯ ಗಾಬರಿ ಹುಟ್ಟುತ್ತದೆ.

ವ್ಯಾಯಾಮಕ್ಕೆ ಮೊದಲು ಕುಡಿಯುವ ಪ್ರೀ-ವರ್ಕೌಟ್ ಪುಡಿಗಳು ಇಷ್ಟು ಸಾಧುವಲ್ಲ. ಅವುಗಳ ಮುಖ್ಯ ಬಲ ಕೆಫೀನ್. ಒಂದು ಲೋಟ ಕಾಫಿಯಲ್ಲಿ ಸಾಮಾನ್ಯವಾಗಿ 100 ಮಿಲಿಗ್ರಾಂ ಒಳಗಿರುವ ಕೆಫೀನ್, ಕೆಲವು ಪುಡಿಗಳ ಒಂದೇ ಸ್ಕೂಪಿನಲ್ಲಿ 300 ಮಿಲಿಗ್ರಾಂ ದಾಟುತ್ತದೆ. ವಯಸ್ಕರಿಗೆ ಇಡೀ ದಿನದ ಸುರಕ್ಷಿತ ಮಿತಿಯೆಂದು ಪರಿಗಣಿಸಿರುವುದು 400 ಮಿಲಿಗ್ರಾಂ. ಸಂಜೆ ಏಳಕ್ಕೆ ಇದನ್ನು ಕುಡಿದವನಿಗೆ ರಾತ್ರಿಯ ನಿದ್ರೆ ಕೆಡುತ್ತದೆ. ಸ್ನಾಯು ದುರಸ್ತಿಯಾಗಿ ಬೆಳೆಯುವುದಕ್ಕೆ ಆ ನಿದ್ರೆಯೇ ಬೇಕು.

ಇದಕ್ಕಿಂತ ಬಹಳ ಅಪಾಯಕಾರಿಯಾದ ಇನ್ನೊಂದು ವಸ್ತುವಿದೆ. ಶಸ್ತ್ರಚಿಕಿತ್ಸೆಯ ವೇಳೆ ರೋಗಿಯ ರಕ್ತದೊತ್ತಡ ಕುಸಿದಾಗ ಅರಿವಳಿಕೆ ತಜ್ಞರು ಅದನ್ನು ಮೇಲೆತ್ತಲು ಕೊಡುವ ಮೆಫೆಂಟರ್‌ಮಿನ್ ಎಂಬ ಚುಚ್ಚುಮದ್ದನ್ನು ನಮ್ಮ ದೇಶದ ಜಿಮ್ಮುಗಳಲ್ಲಿ ದಣಿವು ತಿಳಿಯದಂತೆ ಮಾಡಲು ದುರುಪಯೋಗ ಮಾಡಲಾಗುತ್ತಿದೆ. ಅದು ಸ್ಟೀರಾಯ್ಡೂ ಅಲ್ಲ, ಪೂರಕ ಆಹಾರವೂ ಅಲ್ಲ. ಆಂಫೆಟಮೈನ್ ಬಳಗದ ಉತ್ತೇಜಕ. ಹೃದಯದ ಬಡಿತ ತಪ್ಪಿಸುವ, ಚಟವಾಗಿ ಅಂಟಿಕೊಳ್ಳುವ, ಕೆಲವರಲ್ಲಿ ಇಲ್ಲದ್ದನ್ನು ಇದೆಯೆಂದು ನಂಬಿಸುವ ಭ್ರಮೆಯ ಸ್ಥಿತಿಗೆ ಒಯ್ಯುವ ಔಷಧ ಅದು.

ಹೊರಗಿನಿಂದ ಬಂದ ಹಾರ್ಮೋನು ಒಳಗೆ ಮಾಡುವುದೇನು

ಸ್ಟೀರಾಯ್ಡ್ ಸ್ನಾಯುವನ್ನು ಬೆಳೆಸುತ್ತದೆ ಎಂಬುದು ನಿಜ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅಮೆರಿಕದಲ್ಲಿ ನಡೆದು 1996ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಪ್ರಯೋಗದಲ್ಲಿ ಆರೋಗ್ಯವಂತ ಗಂಡಸರ ಒಂದು ಗುಂಪಿಗೆ ವಾರಕ್ಕೆ 600 ಮಿಲಿಗ್ರಾಂ ಟೆಸ್ಟೋಸ್ಟೆರೋನ್ ಎನಾಂಥೇಟ್ ಅನ್ನು 10 ವಾರ ಕೊಡಲಾಯಿತು. ಔಷಧವೂ ವ್ಯಾಯಾಮವೂ ಇದ್ದವರಲ್ಲಿ ಕೊಬ್ಬಲ್ಲದ ತೂಕ ಸರಾಸರಿ 6 ಕಿಲೋಗೂ ಹೆಚ್ಚಿತು, ಹುಸಿ ಔಷಧ ಪಡೆದು ವ್ಯಾಯಾಮ ಮಾಡಿದವರಲ್ಲಿ ಸುಮಾರು 2 ಕಿಲೋ. ವ್ಯಾಯಾಮವನ್ನೇ ಮಾಡದೆ ಔಷಧ ಮಾತ್ರ ಪಡೆದವರಿಗೂ 3 ಕಿಲೋ ಬಂದಿತ್ತು. ಕಷ್ಟಪಡದವನಿಗೂ ಕಷ್ಟಪಟ್ಟವನಿಗಿಂತ ಹೆಚ್ಚು ಬಂತು ಎಂಬುದರಲ್ಲಿಯೇ ಈ ಔಷಧದ ಆಕರ್ಷಣೆ ಇದೆ. ಮೊಬೈಲಿನ ಪರದೆಯಲ್ಲಿ ಕಾಣುವ ಎಷ್ಟೋ ಮೈಕಟ್ಟುಗಳು ಬರಿಯ ಊಟ-ವ್ಯಾಯಾಮದಿಂದ ಬಂದವಲ್ಲ ಎಂಬುದನ್ನೂ ಇದರಿಂದಲೇ ಊಹಿಸಬೇಕು. ಸರಿಯಾಗಿ ಉಂಡು, ಸರಿಯಾಗಿ ವ್ಯಾಯಾಮ ಮಾಡಿಯೂ ಹಾಗಾಗಲಿಲ್ಲವಲ್ಲ ಎಂದು ಕೊರಗುವ ಹುಡುಗನಲ್ಲಿ ಯಾವ ಕೊರತೆಯೂ ಇರುವುದಿಲ್ಲ.

ಆದರೆ ಅದೇ ಹಾರ್ಮೋನು ದೇಹದ ಒಳಗಿನ ಉತ್ಪಾದನೆಯನ್ನು ಹೇಗೆ ನಿಲ್ಲಿಸುತ್ತದೆ ಎಂಬುದನ್ನು ವಿದ್ಯಾರ್ಥಿಗಳಿಗೆ ಯಾರೂ ಹೇಳಿಕೊಡುವುದಿಲ್ಲ. ಮಿದುಳಿನ ಬುಡದಲ್ಲಿರುವ ಹೈಪೋಥಲಾಮಸ್ ಎಂಬ ಭಾಗ ಒಂದು ರಾಸಾಯನಿಕ ಸೂಚನೆಯನ್ನು ತುಸು ತುಸುವಾಗಿ, ಸುಮಾರು ಒಂದೆರಡು ಗಂಟೆಗೊಮ್ಮೆ ಬಿಡುಗಡೆ ಮಾಡುತ್ತದೆ. ಅದನ್ನು ಪಡೆದ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಎಲ್‌ಎಚ್ ವೃಷಣಕ್ಕೆ ತಲುಪಿ ಟೆಸ್ಟೋಸ್ಟೆರೋನ್ ತಯಾರಿಸಲು ಹೇಳುತ್ತದೆ, ಎಫ್‌ಎಸ್‌ಎಚ್ ವೀರ್ಯಾಣುಗಳ ಬೆಳವಣಿಗೆಯನ್ನು ನೋಡಿಕೊಳ್ಳುತ್ತದೆ. ರಕ್ತದಲ್ಲಿ ಟೆಸ್ಟೋಸ್ಟೆರೋನ್ ಸಾಕಷ್ಟಾಯಿತೆಂದರೆ ಮಿದುಳು ಅದನ್ನು ಅರಿತು ಸೂಚನೆಯನ್ನು ತಗ್ಗಿಸುತ್ತದೆ, ಕಡಿಮೆಯಾದರೆ ಹೆಚ್ಚಿಸುತ್ತದೆ. ಮನೆಯ ತಾರಸಿಯ ನೀರಿನ ಟ್ಯಾಂಕಿಗೆ ಅಳವಡಿಸಿದ ಸ್ವಯಂಚಾಲಿತ ಪಂಪಿನಂತೆ ಇದರ ಕೆಲಸ: ಟ್ಯಾಂಕು ತುಂಬಿದ್ದರೆ ಪಂಪು ಆಫ್, ನೀರು ಇಳಿದರೆ ಆನ್. ಟ್ಯಾಂಕರ್ ತರಿಸಿ ಹೊರಗಿನ ನೀರನ್ನು ಪ್ರತಿದಿನ ಅಂಚಿನವರೆಗೆ ತುಂಬುತ್ತ ಹೋದರೆ, ಬಾವಿಯಲ್ಲಿ ನೀರಿದ್ದರೂ ಪಂಪು ಚಾಲೂ ಆಗುವುದೇ ಇಲ್ಲ. ತಿಂಗಳುಗಟ್ಟಲೆ ಸುಮ್ಮನೆ ಬಿದ್ದ ಪಂಪು ಬೇಕೆಂದ ದಿನ ತಟ್ಟನೆ ಏಳುವುದಿಲ್ಲ.

ಪ್ರಮಾಣವನ್ನು ಗಮನಿಸಿ. ಆರೋಗ್ಯವಂತ ಗಂಡಸಿನ ದೇಹ ದಿನಕ್ಕೆ ತಯಾರಿಸುವ ಟೆಸ್ಟೋಸ್ಟೆರೋನ್ ಸುಮಾರು 5ರಿಂದ 7 ಮಿಲಿಗ್ರಾಂ, ಅಂದರೆ ವಾರಕ್ಕೆ 50 ಮಿಲಿಗ್ರಾಂ ಒಳಗೆ. ಜಿಮ್ಮಿನಲ್ಲಿ ಒಂದು ‘ಸೈಕಲ್’ ಎಂದು ಎಂಟರಿಂದ ಹನ್ನೆರಡು ವಾರ ಚುಚ್ಚಿಸಿಕೊಳ್ಳುವವರು ಇದರ ಹತ್ತಾರು ಪಟ್ಟು ತೆಗೆದುಕೊಳ್ಳುವುದುಂಟು, ಅದರ ಮೇಲೆ ಇನ್ನೊಂದೆರಡು ಬಗೆಯ ಗುಳಿಗೆಗಳನ್ನೂ ಸೇರಿಸುತ್ತಾರೆ. ಮಿದುಳಿನ ಸೂಚನೆ ನಿಂತ ಮೇಲೆ ವೃಷಣಗಳು ಕುಗ್ಗುತ್ತವೆ. ವೀರ್ಯಾಣು ತಯಾರಾಗಲು ವೃಷಣದ ಒಳಗೆ ರಕ್ತದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಟೆಸ್ಟೋಸ್ಟೆರೋನ್ ಬೇಕು; ಹೊರಗಿನಿಂದ ಚುಚ್ಚಿದ್ದು ರಕ್ತದಲ್ಲಿ ಎಷ್ಟೇ ತುಂಬಿದರೂ ಅಲ್ಲಿ ಆ ಮಟ್ಟ ಬರುವುದಿಲ್ಲ. ಹೀಗಾಗಿ ಹೊರಗೆ ಗಂಡಸುತನದ ಮೂರ್ತಿಯಂತೆ ಕಾಣುವ ಯುವಕನ ವೀರ್ಯಾಣುಗಳ ಸಂಖ್ಯೆ ಶೂನ್ಯಕ್ಕೆ ಇಳಿದಿರಬಹುದು. ಇತ್ತ ಹೆಚ್ಚಾದ ಟೆಸ್ಟೋಸ್ಟೆರೋನಿನ ಒಂದು ಭಾಗವನ್ನು ದೇಹ ಹೆಣ್ಣಿನ ಹಾರ್ಮೋನಾದ ಈಸ್ಟ್ರಡಿಯೋಲ್ ಆಗಿ ಮಾರ್ಪಡಿಸುತ್ತದೆ, ಅದರಿಂದ ಹುಡುಗರಲ್ಲಿ ಸ್ತನ ಬೆಳೆಯುತ್ತದೆ. ಗಟ್ಟಿಯಾಗಿ ಬೆಳೆದ ಅಂಗಾಂಶ ಔಷಧದಿಂದ ಕರಗುವುದಿಲ್ಲ, ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ.

ನಿಲ್ಲಿಸಿದ ಮೇಲೆ ಬರುವ ದಿನಗಳು ಇನ್ನೂ ಕಷ್ಟದವು, ಮತ್ತು ಈ ವಿಷಯದ ತಿರುಳು ಇರುವುದೂ ಅಲ್ಲಿಯೇ ಎಂದು ನನಗೆ ಅನ್ನಿಸುತ್ತದೆ. ಹೊರಗಿನ ಪೂರೈಕೆ ನಿಂತಿತು, ಒಳಗಿನ ಉತ್ಪಾದನೆ ಇನ್ನೂ ಶುರುವಾಗಿಲ್ಲ. ಆ ನಡುವಿನ ವಾರಗಳಲ್ಲಿ, ಕೆಲವರಿಗೆ ತಿಂಗಳುಗಳಲ್ಲಿ, ದೇಹದಲ್ಲಿ ಟೆಸ್ಟೋಸ್ಟೆರೋನ್ ಬಹುತೇಕ ಇರುವುದೇ ಇಲ್ಲ. ಗಳಿಸಿದ ಸ್ನಾಯುವಿನ ದೊಡ್ಡ ಪಾಲು ಇಳಿಯುತ್ತದೆ, ಕಾಮಾಸಕ್ತಿ ಹೋಗುತ್ತದೆ, ಓದಿನಲ್ಲಿ ಮನಸ್ಸು ನಿಲ್ಲುವುದಿಲ್ಲ, ನಿದ್ರೆ ಹತ್ತುವುದಿಲ್ಲ, ಕಾರಣ ತಿಳಿಯದ ದುಃಖ ಕವಿಯುತ್ತದೆ. ಆತ್ಮಹತ್ಯೆಯ ಯೋಚನೆಯವರೆಗೂ ಅದು ಹೋಗಬಲ್ಲದು. ಕನ್ನಡಿಯಲ್ಲಿ ತನ್ನ ಮೈ ಕರಗುತ್ತಿರುವುದನ್ನು ನೋಡುವ ಇಪ್ಪತ್ತರ ಹುಡುಗನಿಗೆ ಇದಕ್ಕೆ ಇರುವ ಅತ್ಯಂತ ಸುಲಭದ ಪರಿಹಾರ ಮತ್ತೊಂದು ಸೂಜಿ. ‘ಒಂದೇ ಸೈಕಲ್, ಆಮೇಲೆ ಬಿಟ್ಟುಬಿಡುತ್ತೇನೆ’ ಎಂದು ಶುರುಮಾಡಿದವರು ಬಿಡಲಾರದೆ ಹೋಗುವುದು ಮನೋಬಲದ ಕೊರತೆಯಿಂದಲ್ಲ, ಈ ಇಳಿತದ ಯಾತನೆಯಿಂದ. ಸೈಕಲ್ ಮುಗಿದ ಮೇಲೆ ತಿನ್ನಲು ಟಮೋಕ್ಸಿಫೆನ್, ಕ್ಲೋಮಿಫೆನ್ ಮುಂತಾದ ಗುಳಿಗೆಗಳನ್ನೂ ಜೊತೆಗೇ ಕೊಟ್ಟು, ಅವುಗಳಿಂದ ಎಲ್ಲವೂ ಮೊದಲಿನಂತಾಗುತ್ತದೆ ಎಂದು ಭರವಸೆ ಕೊಡುತ್ತಾರೆ. ಅವು ತಜ್ಞರ ಕೈಯಲ್ಲಿ ಉಪಯುಕ್ತ ಔಷಧಗಳೇ. ಆದರೆ ರಕ್ತಪರೀಕ್ಷೆಯೂ ಇಲ್ಲದೆ ತಿಂದರೆ ಎಲ್ಲವೂ ಸರಿಹೋಗುತ್ತದೆಂಬ ಭರವಸೆಗೆ ಆಧಾರವಿಲ್ಲ. ಬಹುಪಾಲು ಯುವಕರಲ್ಲಿ ಒಳಗಿನ ವ್ಯವಸ್ಥೆ ಆರು ತಿಂಗಳಿಂದ ಒಂದೆರಡು ವರ್ಷದೊಳಗೆ ಚೇತರಿಸಿಕೊಳ್ಳುತ್ತದೆ. ಬಳಕೆ ದೀರ್ಘವಾಗಿದ್ದಷ್ಟೂ, ಪ್ರಮಾಣ ಹೆಚ್ಚಿದ್ದಷ್ಟೂ ಚೇತರಿಕೆ ನಿಧಾನ, ಮತ್ತು ಕೆಲವರಲ್ಲಿ ಅದು ಪೂರ್ಣವಾಗುವುದಿಲ್ಲ.

ಹೃದಯಕ್ಕೆ ಆಗುವ ಹಾನಿ ಸದ್ದಿಲ್ಲದ್ದು. ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ತೀರ ಕೆಳಗಿಳಿಯುತ್ತದೆ, ಕೆಟ್ಟದ್ದು ಏರುತ್ತದೆ, ಕೆಂಪು ರಕ್ತಕಣಗಳು ಹೆಚ್ಚಾಗಿ ರಕ್ತ ಮಂದವಾಗುತ್ತದೆ, ರಕ್ತದೊತ್ತಡ ಮೇಲೇರುತ್ತದೆ, ಹೃದಯದ ಎಡ ಕೋಣೆಯ ಗೋಡೆ ದಪ್ಪವಾಗಿ ಬಿಗಿಯಾಗುತ್ತದೆ. ನೋವು ಕಾಣದೆ ಇಷ್ಟೆಲ್ಲ ನಡೆಯುವುದರಿಂದ, ಮೂವತ್ತರ ಆಸುಪಾಸಿನಲ್ಲಿ ಹೃದಯಾಘಾತ ಆದಾಗ ಹತ್ತು ವರ್ಷದ ಹಿಂದಿನ ಸೂಜಿಯ ನೆನಪು ಯಾರಿಗೂ ಬರುವುದಿಲ್ಲ.

ಬಾಯಿಂದ ತೆಗೆದುಕೊಳ್ಳುವ ಸ್ಟೀರಾಯ್ಡ್ ಗುಳಿಗೆಗಳ ಕತೆ ಬೇರೆ. ಟೆಸ್ಟೋಸ್ಟೆರೋನನ್ನು ಹಾಗೆಯೇ ನುಂಗಿದರೆ ಯಕೃತ್ತು ಅದನ್ನು ಮೊದಲ ಸುತ್ತಿನಲ್ಲಿಯೇ ಒಡೆದುಹಾಕುತ್ತದೆ. ಹಾಗೆ ಒಡೆಯಲು ಆಗದಂತೆ ಅಣುವಿನ 17ನೆಯ ಇಂಗಾಲದಲ್ಲಿ ಒಂದು ಗುಂಪನ್ನು ಸೇರಿಸಿ ಮೆಥಾಂಡಿಯೆನೋನ್, ಸ್ಟಾನೊಜೊಲಾಲ್ ಮುಂತಾದವನ್ನು ರೂಪಿಸಿದ್ದಾರೆ. ಯಕೃತ್ತಿಗೆ ಹೊರೆಯಾಗುವುದೂ ಅದೇ ಮಾರ್ಪಾಡು. ಕೆಲವು ವಾರಗಳ ಬಳಕೆಯ ಬಳಿಕ ಪಿತ್ತರಸ ಹರಿಯದೆ ನಿಂತು ಕಣ್ಣು ಹಳದಿಯಾಗುತ್ತದೆ, ಮೈಯೆಲ್ಲ ತಡೆಯಲಾಗದ ತುರಿಕೆ ಶುರುವಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ಇದಕ್ಕೊಂದು ಹೆಚ್ಚಿನ ತೊಡಕಿದೆ. ಮಳೆಗಾಲದಲ್ಲಿ ಕಾಮಾಲೆ ಎಂದರೆ ವೈದ್ಯರು ಮೊದಲು ಇಲಿ ಜ್ವರವನ್ನೋ ನೀರಿನಿಂದ ಬರುವ ಹೆಪಟೈಟಿಸನ್ನೋ ಶಂಕಿಸುತ್ತಾರೆ, ಮನೆಯವರು ನಾಟಿ ಔಷಧಿಗೆ ಕರೆದೊಯ್ಯುತ್ತಾರೆ. ಗುಳಿಗೆಯ ವಿಷಯವನ್ನು ಹುಡುಗ ಇಬ್ಬರಿಗೂ ಹೇಳುವುದಿಲ್ಲ, ಎಷ್ಟೋ ಬಾರಿ ಗುಳಿಗೆಯನ್ನು ನಿಲ್ಲಿಸಿರುವುದೂ ಇಲ್ಲ. ಕೆಟ್ಟ ಯಕೃತ್ತಿನ ಮೇಲೆ ಕಷಾಯದ ಭಾರವೂ ಬೀಳುತ್ತದೆ.

ಪರವಾನಗಿಯಿಲ್ಲದೆ ತಯಾರಾಗುವ ಎಣ್ಣೆಯ ಸೂಜಿಮದ್ದಿನ ಸೀಸೆಯಲ್ಲಿ ಬರೆದ ಔಷಧವೇ ಇದೆ, ಬರೆದಷ್ಟೇ ಇದೆ, ಕ್ರಿಮಿರಹಿತವಾಗಿದೆ ಎಂಬುದಕ್ಕೆ ಖಾತರಿಯಿಲ್ಲ. ಕೀವು ತುಂಬಿ ಕೊಯ್ಯಿಸಬೇಕಾಗಿ ಬರುವುದು ಒಂದು ತೊಂದರೆಯಾದರೆ, ಸೂಜಿ ಹಂಚಿಕೊಂಡವರಿಗೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಸೋಂಕು ತಗಲುವ ಭಯ ಇನ್ನೊಂದು. ‘ಸಾರ್ಮ್ಸ್’ ಎಂಬ ಹೆಸರಿನಲ್ಲಿ, ಸ್ಟೀರಾಯ್ಡ್ ಅಲ್ಲ ಎಂದು ಹೇಳಿ ಮಾರುವ ಆಸ್ಟಾರಿನ್‌ನಂತಹ ವಸ್ತುಗಳೂ ದೇಹದ ಸ್ವಂತ ಉತ್ಪಾದನೆಯನ್ನು ತಗ್ಗಿಸುತ್ತವೆ. ಮನುಷ್ಯರ ಚಿಕಿತ್ಸೆಗೆ ಅವು ಇನ್ನೂ ಅನುಮೋದನೆ ಪಡೆದಿಲ್ಲ.

ವಿದ್ಯಾರ್ಥಿನಿಯರ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಹೆಣ್ಣಿನ ದೇಹದಲ್ಲಿ ಟೆಸ್ಟೋಸ್ಟೆರೋನ್ ಇರುವುದು ಗಂಡಿನದರ ಹದಿನೈದು-ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ. ಆದ್ದರಿಂದ ಸಣ್ಣ ಪ್ರಮಾಣವೆಂದು ಕೊಡುವುದೂ ಅವರಿಗೆ ದೊಡ್ಡದೇ. ಮುಟ್ಟು ನಿಲ್ಲುವುದು, ಮೊಡವೆ ಏಳುವುದು ಔಷಧ ಬಿಟ್ಟ ಮೇಲೆ ಸರಿಹೋಗಬಹುದು; ಗಡಸಾದ ದನಿ ಹಾಗೆಯೇ ಉಳಿಯುತ್ತದೆ, ಮುಖದ ಮೇಲೆ ಮೂಡಿದ ಕೂದಲೂ ಸುಲಭವಾಗಿ ಹೋಗುವುದಿಲ್ಲ. ಪದವಿಪೂರ್ವ ತರಗತಿಯ ಮಕ್ಕಳಿಗೆ ಇನ್ನೊಂದು ಅಪಾಯವಿದೆ. ಮೂಳೆಯ ತುದಿಯ ಬೆಳವಣಿಗೆಯ ಫಲಕಗಳು ಇನ್ನೂ ತೆರೆದಿರುವ ವಯಸ್ಸಿನಲ್ಲಿ ಸ್ಟೀರಾಯ್ಡ್ ಹೊಕ್ಕರೆ ಅವು ಬೇಗ ಮುಚ್ಚಿಕೊಂಡು ಎತ್ತರ ಅಲ್ಲಿಗೇ ನಿಲ್ಲುತ್ತದೆ.

ಮೈದಾನ ಮತ್ತು ಭರ್ತಿ

ನಮ್ಮ ಜಿಲ್ಲೆಯ ಹುಡುಗರಿಗೆ ಮೈಕಟ್ಟು ಚೆಂದಕ್ಕಷ್ಟೇ ಅಲ್ಲ, ಬದುಕಿಗೂ ಬೇಕಾದದ್ದು. ಸೇನೆ, ಪೊಲೀಸ್, ಅರಣ್ಯ ಇಲಾಖೆಯ ಭರ್ತಿಯಲ್ಲಿ ಓಟವಿದೆ, ಎದೆಯ ಅಳತೆಯಿದೆ. ಹಳಿಯಾಳದ ಕಡೆ ಕುಸ್ತಿಯ ಪರಂಪರೆಯಿದೆ, ಯಲ್ಲಾಪುರ-ಮುಂಡಗೋಡಿನ ಸಿದ್ದಿ ಸಮುದಾಯದ ಮಕ್ಕಳನ್ನು ಭಾರತೀಯ ಕ್ರೀಡಾ ಪ್ರಾಧಿಕಾರ 1987ರ ಸುಮಾರಿಗೆ ಹುಡುಕಿಕೊಂಡು ಬಂದು ತರಬೇತಿ ಕೊಟ್ಟ ಇತಿಹಾಸವಿದೆ. ದೈಹಿಕ ಪರೀಕ್ಷೆಗೆ ಎರಡು ತಿಂಗಳಿದೆ ಎನ್ನುವಾಗ ಅಡ್ಡದಾರಿಯ ಮಾತು ಬರುವುದು ಸಹಜ. ಆದರೆ 1.6 ಕಿಲೋಮೀಟರಿನಂತಹ ಓಟದಲ್ಲಿ ಗೆಲ್ಲಿಸುವುದು ಶ್ವಾಸಕೋಶ ಮತ್ತು ಹೃದಯದ ಅಭ್ಯಾಸ. ಅವಸರದಲ್ಲಿ ಏರಿಸಿಕೊಂಡ ತೂಕವನ್ನು ಓಡುವಾಗ ಹೊತ್ತುಕೊಂಡೇ ಓಡಬೇಕು.

ವಿಶ್ವವಿದ್ಯಾಲಯದ ತಂಡಕ್ಕೆ ಆಡುವವರಿಗೆ ಕಾನೂನಿನ ತೊಡಕೂ ಇದೆ. ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಘಟಕವಾದ ನಾಡಾ ಅಂತರ ವಿಶ್ವವಿದ್ಯಾಲಯ ಕೂಟಗಳಲ್ಲಿಯೂ ಮಾದರಿ ಪಡೆಯಬಹುದು. 2022ರಲ್ಲಿ ಸಂಸತ್ತು ಇದಕ್ಕೆಂದೇ ಕಾಯ್ದೆ ಮಾಡಿತು. 2023ರಲ್ಲಿ ಭಾರತದಲ್ಲಿ ಪರೀಕ್ಷಿಸಿದ 5,606 ಮಾದರಿಗಳಲ್ಲಿ 213ರಲ್ಲಿ ನಿಷೇಧಿತ ವಸ್ತು ಸಿಕ್ಕಿತು, ಹೆಚ್ಚು ಪರೀಕ್ಷೆ ನಡೆಸುವ ದೇಶಗಳ ನಡುವೆ ಇದು ಅತ್ಯಂತ ಹೆಚ್ಚಿನ ಪ್ರಮಾಣ. ಅದೇ ವರ್ಷ ದೆಹಲಿಯ ಕ್ರೀಡಾಕೂಟವೊಂದರಲ್ಲಿ ನಾಡಾ ಅಧಿಕಾರಿಗಳು ಬಂದ ಸುದ್ದಿ ಹರಡಿ ಉಳಿದವರೆಲ್ಲ ಹಿಂದೆ ಸರಿದು, 100 ಮೀಟರ್ ಅಂತಿಮ ಓಟದಲ್ಲಿ ಒಬ್ಬನೇ ಓಡಿದ. ಕ್ರೀಡಾಪಟುವಿನ ದೇಹದಲ್ಲಿ ಏನು ಸಿಕ್ಕರೂ ಹೊಣೆ ಅವನದೇ. ಪುಡಿಯಲ್ಲಿ ಬೆರೆತಿತ್ತು, ನನಗೆ ಗೊತ್ತಿರಲಿಲ್ಲ ಎಂದರೆ ಅದೊಂದರಿಂದಲೇ ಬಿಡುಗಡೆಯಿಲ್ಲ. ಜರ್ಮನಿಯ ಕಲೋನ್ ನಗರದ ಪ್ರಯೋಗಾಲಯ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13 ದೇಶಗಳಿಂದ ಕೊಂಡ 634 ಪೂರಕ ಆಹಾರಗಳ ಪೈಕಿ 94ರಲ್ಲಿ ಲೇಬಲ್ಲಿನಲ್ಲಿ ಹೇಳದ ಹಾರ್ಮೋನ್ ಅಂಶ ಇತ್ತು. ಸ್ಟೀರಾಯ್ಡ್‌ಗೆ ಮೊದಲ ಸಲದ ಶಿಕ್ಷೆಯೇ ಸಾಮಾನ್ಯವಾಗಿ ನಾಲ್ಕು ವರ್ಷಗಳ ನಿಷೇಧ, ಅಂದರೆ ಒಬ್ಬ ವಿದ್ಯಾರ್ಥಿಯ ಕ್ರೀಡಾಜೀವನ ಬಹುತೇಕ ಅಲ್ಲಿಗೆ ಮುಗಿದಂತೆ.

ಈಗಾಗಲೇ ತೆಗೆದುಕೊಂಡವರಿಗೆ

ಇದನ್ನು ಓದುವವರಲ್ಲಿ ಈಗಾಗಲೇ ಒಂದು ಸೈಕಲ್ ಮುಗಿಸಿದವರು ಇರಬಹುದು. ಅವರನ್ನು ಬೈಯುವುದರಿಂದ ಯಾರಿಗೂ ಉಪಕಾರವಿಲ್ಲ. ಅವರು ಮಾಡಬೇಕಾದ ಮೊದಲ ಕೆಲಸ ಎಂಬಿಬಿಎಸ್ ಓದಿದ ಒಬ್ಬ ವೈದ್ಯರ ಬಳಿ ಹೋಗಿ ಏನನ್ನು, ಎಷ್ಟು ವಾರ, ಎಷ್ಟು ಪ್ರಮಾಣದಲ್ಲಿ ತೆಗೆದುಕೊಂಡಿದ್ದೇವೆ ಎಂದು ಪೂರ್ತಿ ಹೇಳುವುದು. ಸೀಸೆ, ಗುಳಿಗೆಯ ಪಟ್ಟಿ ಉಳಿದಿದ್ದರೆ ತೋರಿಸುವುದು. ವೈದ್ಯರು ರೋಗಿಯ ಗುಟ್ಟು ಕಾಯಬೇಕಾದವರು, ಕಾಲೇಜಿಗೆ ವರದಿ ಮಾಡುವವರಲ್ಲ. ಕಾರವಾರದಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿನ ಬೋಧಕ ಆಸ್ಪತ್ರೆಯೇ ಇದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಟೆಸ್ಟೋಸ್ಟೆರೋನ್, ಎಲ್‌ಎಚ್, ಎಫ್‌ಎಸ್‌ಎಚ್, ಯಕೃತ್ತು, ಕೊಲೆಸ್ಟ್ರಾಲ್ ಮತ್ತು ರಕ್ತಕಣಗಳ ಪರೀಕ್ಷೆ ಮಾಡಿಸಿ, ರಕ್ತದೊತ್ತಡ ಅಳೆಸಿ, ಅಗತ್ಯವಿದ್ದರೆ ಹೃದಯದ ಎಕೋ ಮಾಡಿಸಬೇಕಾಗುತ್ತದೆ. ಪರೀಕ್ಷೆಗೆ ಮೊದಲಿನ ಐದಾರು ದಿನ ಭಾರ ಎತ್ತದಿರುವುದು ಒಳ್ಳೆಯದು, ಏಕೆಂದರೆ ಜೋರಾದ ವ್ಯಾಯಾಮದಿಂದಲೇ ಎಎಸ್‌ಟಿ, ಎಎಲ್‌ಟಿ ಎಂಬ ಕಿಣ್ವಗಳು ರಕ್ತದಲ್ಲಿ ಹೆಚ್ಚಾಗಿ ಯಕೃತ್ತಿನ ತೊಂದರೆಯಂತೆ ತೋರುತ್ತವೆ.

ಚೇತರಿಕೆಯ ತಿಂಗಳುಗಳಲ್ಲಿ ಮನಸ್ಸು ಕುಗ್ಗುವುದು ಹಾರ್ಮೋನಿನ ಇಳಿತದ ಲಕ್ಷಣವೆಂದು ಸ್ವತಃ ವಿದ್ಯಾರ್ಥಿಯೂ ಅವನ ಕೊಠಡಿಯ ಜೊತೆಗಾರರೂ ತಿಳಿದಿರಬೇಕು. ಅದು ತಡೆಯಲಾರದಂತಾದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ಮನೆಯವರು ‘ಯಾಕೆ ತಗೊಂಡೆ’ ಎಂಬ ಪ್ರಶ್ನೆಯನ್ನು ಆ ದಿನಗಳಿಗೆ ಬದಿಗಿಟ್ಟು, ರಕ್ತಪರೀಕ್ಷೆಯ ದಿನ ಜೊತೆಗೆ ಹೋದರೆ ಸಾಕು. ಮೂರು ತಿಂಗಳ ಬಳಿಕ ಅದೇ ಪರೀಕ್ಷೆಗಳನ್ನು ಮತ್ತೆ ಮಾಡಿಸಿದಾಗ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಮೇಲೇಳುತ್ತಿದ್ದರೆ ಮಿದುಳು ಸೂಚನೆ ಕಳಿಸಲು ಆರಂಭಿಸಿದೆ ಎಂದು ತಿಳಿಯುತ್ತದೆ. ಅವೆರಡೂ ಇನ್ನೂ ತಳದಲ್ಲಿಯೇ ಇದ್ದರೆ ಕಾಯುತ್ತ ಕೂರದೆ ಅಂತಃಸ್ರಾವ ತಜ್ಞರನ್ನು ಕಾಣಬೇಕು.